ಒಂದು ಸ್ಟುಡಿಯೊ, ಮೂರು ಊರು: ಹೆಸರು ಎಷ್ಟು ಬೇಕು?

ತುಮಕೂರಿನ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ, ಅಶೋಕ ರಸ್ತೆಯ ಆಸುಪಾಸಿನಲ್ಲಿ ಒಮ್ಮೆ ನಡೆದು ಫೋಟೊ ಸ್ಟುಡಿಯೊಗಳ ಬೋರ್ಡ್‌ಗಳನ್ನು ಓದಿ ನೋಡಿ. ದೇವರ ಹೆಸರು, ಊರಿನ ಹೆಸರು, ‘ಕಲ್ಪತರು’, ಇಲ್ಲವೇ ಮಾಲೀಕರ ಮಗುವಿನ ಹೆಸರು. ಅದರ ಮುಂದೆ ‘ಡಿಜಿಟಲ್ ಸ್ಟುಡಿಯೊ’. ಇನ್‌ಸ್ಟಾಗ್ರಾಂ ತೆರೆದರೆ ಇನ್ನೊಂದು ಸಾಲು: ಕ್ಲಿಕ್ಸ್, ಪಿಕ್ಸೆಲ್ಸ್, ವೆಡ್ಡಿಂಗ್ ಸ್ಟೋರೀಸ್. ಹಳಬರ ಹೆಸರುಗಳು ಒಂದರಂತೆ ಇನ್ನೊಂದಿವೆ, ಹೊಸಬರ ಹೆಸರುಗಳೂ ಹಾಗೆಯೇ. ಮದುವೆ ಮನೆಯವರು ಹತ್ತು ಪೇಜ್ ನೋಡಿ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ‘ರೇಟ್ ಎಷ್ಟು?’ ಬೇರೆ ಯಾವ ವ್ಯತ್ಯಾಸವೂ ಕಾಣದಿದ್ದಾಗ ಗಿರಾಕಿ ರೇಟನ್ನಲ್ಲದೆ ಇನ್ನೇನು ಕೇಳಬೇಕು?

ಇದು ಸ್ಟುಡಿಯೊ ಮಾಲೀಕರ ತಲೆನೋವು ಮಾತ್ರವಲ್ಲ. ಪದವಿ ಮುಗಿಸಿದ ನಿರುದ್ಯೋಗಿಗಳಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಸಿಗುತ್ತದೆ, ಅದೂ ಗರಿಷ್ಠ 2 ವರ್ಷ. ಆ ಅವಧಿಯೊಳಗೆ ನಮ್ಮ ಕಾಲ ಮೇಲೆ ನಿಲ್ಲಬೇಕು. ನನ್ನ ಸಹಪಾಠಿಗಳಲ್ಲಿ ಹಲವರು ಆಗ ಕೈಗೆತ್ತಿಕೊಂಡಿದ್ದು ಕ್ಯಾಮೆರಾವನ್ನು. ಒಬ್ಬ ಕ್ಯಾಂಡಿಡ್ ತೆಗೆಯುತ್ತಾನೆ, ಒಬ್ಬಳು ಆಲ್ಬಂ ಡಿಸೈನ್ ಮಾಡುತ್ತಾಳೆ, ಇನ್ನೊಬ್ಬ ರಾತ್ರಿಯೆಲ್ಲ ಕೂತು ವಿಡಿಯೊ ಎಡಿಟ್ ಮಾಡುತ್ತಾನೆ. ನಾನು ಎಂ.ಕಾಂ. ಮುಗಿಸಿ ಎರಡು ವರ್ಷದಿಂದ ನಮ್ಮ ಚಿಕ್ಕಪ್ಪನ ಸ್ಟುಡಿಯೊದ ಲೆಕ್ಕಪತ್ರ, ಬುಕಿಂಗ್ ಮತ್ತು ಜಾಹೀರಾತು ನೋಡಿಕೊಳ್ಳುತ್ತಿದ್ದೇನೆ. ತುಮಕೂರಿನಲ್ಲಿದ್ದ ಒಂದು ಸ್ಟುಡಿಯೊ ಗುಬ್ಬಿ ಮತ್ತು ಕುಣಿಗಲ್‌ಗೆ ಕೈಚಾಚಲು ಹೊರಟಾಗ ಎದ್ದ ಪ್ರಶ್ನೆಯೇ ಈ ಬರಹದ ವಿಷಯ. ಎಲ್ಲ ಕಡೆ ಒಂದೇ ಹೆಸರಿರಬೇಕೋ, ಊರಿಗೊಂದು ಬೇಕೋ, ಕೆಲಸಕ್ಕೊಂದು ಬೇಕೋ?

ಬದಲಾಗಿರುವುದು ಏನು?

ಸ್ಟುಡಿಯೊ ಎಂದರೆ ಮೊದಲು ಪಾಸ್‌ಪೋರ್ಟ್ ಸೈಜ್ ಫೋಟೊ. ಅಂಗಡಿ ಬಾಡಿಗೆ ಅದರಲ್ಲೇ ಹುಟ್ಟುತ್ತಿತ್ತು. ಈಗ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ, ಆಧಾರ್ ಕೇಂದ್ರದಲ್ಲಿ ಅಲ್ಲಿಯೇ ಫೋಟೊ ತೆಗೆದುಕೊಳ್ಳುತ್ತಾರೆ. ಉಳಿದ ಅರ್ಜಿಗಳಿಗೆ ಮೊಬೈಲ್ ಫೋಟೊ ಸಾಕು. ಆ ಆದಾಯ ಕರಗಿತು. ಇನ್ನೊಂದು ಕಡೆ ಮದುವೆಯ ಕೆಲಸ ಹಿಗ್ಗಿತು. ನಿಶ್ಚಿತಾರ್ಥ, ಪ್ರಿ ವೆಡ್ಡಿಂಗ್, ಅರಿಸಿನ ಶಾಸ್ತ್ರ, ಆರತಕ್ಷತೆ, ಧಾರೆ, ಬೀಗರೂಟ ಎಲ್ಲಕ್ಕೂ ಬೇರೆ ಬೇರೆ ಪ್ಯಾಕೇಜ್ ಬಂತು. ಸೀಮಂತ, ನಾಮಕರಣ, ಮಗುವಿನ ತಿಂಗಳ ಫೋಟೊಗಳೂ ಸೇರಿಕೊಂಡವು.

ಮೂರನೆಯದು ಕೈಗಾರಿಕೆಯ ಕೆಲಸ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಅಲ್ಲಿನ ಫುಡ್ ಪಾರ್ಕ್ 2014ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಪ್ರದೇಶದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ದೊಡ್ಡ ಸಂಸ್ಥೆಗಳಿಗೆ ತಮ್ಮದೇ ವ್ಯವಸ್ಥೆ ಇರುತ್ತದೆ. ಆದರೆ ಅವುಗಳ ಸುತ್ತ ಹುಟ್ಟುವ ಸಣ್ಣ ಘಟಕಗಳಿಗೆ ಉತ್ಪನ್ನದ ಫೋಟೊ, ಕ್ಯಾಟಲಾಗ್, ವೆಬ್‌ಸೈಟ್ ಚಿತ್ರ ಬೇಕಾಗುತ್ತದೆ.

ಊರುಗಳೂ ಒಂದೇ ತರ ಇಲ್ಲ. ಗುಬ್ಬಿ ತುಮಕೂರಿಗೆ ಸುಮಾರು 20 ಕಿ.ಮೀ. ಬೆಂಗಳೂರು–ಹೊನ್ನಾವರ ರಸ್ತೆಯ ಮೇಲೇ ಇದೆ. ಅಲ್ಲಿನವರಿಗೆ ಜವಳಿಗೂ ಒಡವೆಗೂ ತುಮಕೂರೇ ಹತ್ತಿರದ ಪೇಟೆ. ಕುಣಿಗಲ್ ಇರುವುದು ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿಯಲ್ಲಿ. ಜಿಲ್ಲೆ ತುಮಕೂರಾದರೂ ಮುಖ ಬೆಂಗಳೂರಿನ ಕಡೆಗೆ. ಗುಬ್ಬಿಯಲ್ಲಿ ನಮ್ಮ ಪೈಪೋಟಿ ಪಕ್ಕದ ಬೀದಿಯ ಸ್ಟುಡಿಯೊ ಜೊತೆ. ಕುಣಿಗಲ್‌ನಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಬರುವ ತಂಡದ ಜೊತೆ.

ಗಡಿಯಾರ ಹೇಳುವ ಪಾಠ

ಇದಕ್ಕೆ ಉತ್ತರ ಹುಡುಕಲು ಮ್ಯಾನೇಜ್‌ಮೆಂಟ್ ಪುಸ್ತಕ ಬೇಕಿಲ್ಲ, ತುಮಕೂರಿನ ಇತಿಹಾಸವೇ ಸಾಕು. ಇಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇತ್ತು. ಜನತಾ, ಪೈಲಟ್, ಕಾಂಚನ್, ಸೋನಾ ಹೀಗೆ ಎಚ್‌ಎಂಟಿ ಮಾದರಿಗಳಿಗೆ ಬೇರೆ ಬೇರೆ ಹೆಸರಿದ್ದವು. ಆದರೆ ಜನ ನಂಬುತ್ತಿದ್ದುದು ‘ಎಚ್‌ಎಂಟಿ’ ಎಂಬ ಮೂರು ಅಕ್ಷರವನ್ನು. ಆ ಹೆಸರು ಎಷ್ಟು ಗಟ್ಟಿಯೆಂದರೆ, 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟು, ತುಮಕೂರಿನ ಜಾಗ ಇಸ್ರೊಗೆ ಹೋದ ಮೇಲೂ ಹಳೆಯ ಎಚ್‌ಎಂಟಿ ವಾಚಿಗೆ ಬೇಡಿಕೆ ಇದೆ.

ಟೈಟಾನ್ ಬೇರೆ ದಾರಿ ಹಿಡಿಯಿತು. ಒಡವೆಗೆ ತನಿಷ್ಕ್, ಕಡಿಮೆ ಬೆಲೆಯ ವಾಚಿಗೆ ಸೊನಾಟಾ, ಕಾಲೇಜು ಹುಡುಗರಿಗೆ ಫಾಸ್ಟ್‌ಟ್ರ್ಯಾಕ್. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಫಾಸ್ಟ್‌ಟ್ರ್ಯಾಕ್ 1998ರಲ್ಲಿ ಬಂದದ್ದು ಟೈಟಾನ್‌ನ ಉಪ ಬ್ರ್ಯಾಂಡ್ ಆಗಿ. ಅದಕ್ಕೆ ತನ್ನದೇ ಗಿರಾಕಿಗಳು ಸಿಕ್ಕ ಮೇಲೆ, 2005ರಲ್ಲಿ, ಸ್ವತಂತ್ರ ಬ್ರ್ಯಾಂಡ್ ಆಯಿತು. ಅಂದರೆ ಮೊದಲು ತಾಯಿಯ ಸೆರಗಿನಲ್ಲಿ, ಆಮೇಲೆ ಬೇರೆ ಮನೆ.

ಟಾಟಾದಂತಹ ಸಂಸ್ಥೆಯೇ ಏಳು ವರ್ಷ ಕಾದಿರುವಾಗ, ನಾಲ್ಕು ಕ್ಯಾಮೆರಾ ಇರುವ ಸ್ಟುಡಿಯೊ ಮೊದಲ ದಿನವೇ ಮೂರು ಹೆಸರು ಇಟ್ಟುಕೊಂಡರೆ ಏನಾಗುತ್ತದೆ? ಮೂರು ಬೋರ್ಡ್, ಮೂರು ವಿಸಿಟಿಂಗ್ ಕಾರ್ಡ್, ಮೂರು ಇನ್‌ಸ್ಟಾಗ್ರಾಂ ಪೇಜ್. ಒಂದು ಪೇಜಿಗೇ ವಾರಕ್ಕೆ ಎರಡು ರೀಲ್ಸ್ ಹಾಕಲು ಕೈ ಸಾಲದು. ಟ್ರೇಡ್‌ಮಾರ್ಕ್ ಲೆಕ್ಕವನ್ನೇ ನೋಡಿ. ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ಹೆಸರಿಗೆ, ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಫೋಟೊಗ್ರಫಿ ಸೇವೆ 41ನೇ ವರ್ಗದಲ್ಲಿ, ಫೋಟೊ ಪ್ರಿಂಟಿಂಗ್ 40ನೇ ವರ್ಗದಲ್ಲಿ ಬರುತ್ತದೆ. ಒಂದು ಹೆಸರನ್ನು ಎರಡೂ ವರ್ಗದಲ್ಲಿ ನೋಂದಾಯಿಸಲು 9,000, ಮೂರು ಹೆಸರಿಗೆ 27,000. ವಕೀಲರ ಫೀ ಬೇರೆ. ಹತ್ತು ವರ್ಷಕ್ಕೊಮ್ಮೆ ನವೀಕರಣವೂ ಇದೆ.

ಹಾಗಾದರೆ ಎಲ್ಲಕ್ಕೂ ಒಂದೇ ಹೆಸರೇ? ಅದೂ ಪೂರ್ತಿ ಸರಿಯಲ್ಲ. ನಮ್ಮ ಪೇಜಿನ ಲಿಂಕ್ ಕಳಿಸಿದಾಗ ಒಂದು ಸಣ್ಣ ಕಾರ್ಖಾನೆಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಬುಟ್ಟೀಲಿ ಮಗು ಮಲಗಿಸಿರೋ ಫೋಟೊನೇ ಇದಾವಲ್ಲ, ಮೆಷಿನ್ ಫೋಟೊ ತೆಗೀತೀರಾ?’ ಅವರ ಅನುಮಾನ ನ್ಯಾಯವಾದದ್ದೇ. ಮದುವೆ ಮನೆಯವರು ಹುಡುಕುವುದು ಭಾವನೆಯನ್ನು. ಕಾರ್ಖಾನೆಯವರಿಗೆ ಬೇಕಿರುವುದು ಹೇಳಿದ ದಿನಕ್ಕೆ ಫೈಲ್, ಜಿಎಸ್‌ಟಿ ಬಿಲ್, ನಿಖರವಾದ ಬಣ್ಣ.

ಇದರಿಂದ ನನಗೆ ಅನ್ನಿಸಿದ್ದು ಹೀಗೆ. ಊರು ಬದಲಾದರೆ ಹೆಸರು ಬದಲಾಗಬೇಕಿಲ್ಲ, ಗಿರಾಕಿಯ ಬಗೆ ಬದಲಾದರೆ ಮಾತ್ರ ಬದಲಾಗಬೇಕು. ಗುಬ್ಬಿಯ ಮದುವೆಗೂ ಕುಣಿಗಲ್ ಮದುವೆಗೂ ಒಂದೇ ಹೆಸರು ಸಾಕು. ಕೆಳಗೆ ‘ಗುಬ್ಬಿ’, ‘ಕುಣಿಗಲ್’ ಎಂದು ಶಾಖೆಯ ಹೆಸರಿದ್ದರಾಯಿತು. ಕಾರ್ಖಾನೆ ಕೆಲಸಕ್ಕೆ ಅದೇ ತಾಯಿ ಹೆಸರಿನ ಜೊತೆ ಒಂದು ಬಾಲ, ಬೇರೆ ಬಣ್ಣ, ಬೇರೆ ಪೇಜ್. ಆ ಕೆಲಸಕ್ಕೆ ಬೇರೆ ತಂಡ, ಬೇರೆ ಲೆಕ್ಕ, ವರ್ಷಪೂರ್ತಿ ಆರ್ಡರ್ ಎಂಬ ಮೂರೂ ಸಿಕ್ಕ ಮೇಲೆ ಸ್ವತಂತ್ರ ಹೆಸರು.

ಯಾವ ಹೆಸರು ನಮ್ಮದಾಗುತ್ತದೆ?

ತಟ್ಟೆ ಇಡ್ಲಿ ಎಂದರೆ ಕ್ಯಾತ್ಸಂದ್ರ. ಈ ಹೆಸರಿನ ಬೋರ್ಡ್ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ಇಷ್ಟು ದೊಡ್ಡ ಹೆಸರು, ಆದರೆ ಯಾರೊಬ್ಬರ ಸ್ವತ್ತೂ ಅಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಊರಿನ ಹೆಸರು, ಕೆಲಸದ ವಿವರಣೆ ಮಾತ್ರ ಇರುವ ಹೆಸರುಗಳಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ‘ತುಮಕೂರು ವೆಡ್ಡಿಂಗ್ ಫೋಟೊಗ್ರಫಿ’ ಎಂದು ಇಟ್ಟುಕೊಂಡರೆ ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗಬಹುದು. ನಾಳೆ ಇನ್ನೊಬ್ಬ ಅದನ್ನೇ ಇಟ್ಟುಕೊಂಡರೆ ತಡೆಯುವುದು ಕಷ್ಟ.

ಧಾರ್ಮಿಕ ಹೆಸರುಗಳಲ್ಲೂ ತೊಡಕಿದೆ. ‘ರಾಮಾಯಣ’ ಎಂಬ ಪದವನ್ನು ಊದುಬತ್ತಿಯ ಟ್ರೇಡ್‌ಮಾರ್ಕ್ ಆಗಿ ಒಬ್ಬರೇ ಹಕ್ಕು ಸಾಧಿಸಲು ಆಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ನಮ್ಮ ಜಿಲ್ಲೆಯಲ್ಲಿ ಭಕ್ತಿಯಿಂದ ಇಟ್ಟ ಹೆಸರುಗಳೇ ಹೆಚ್ಚು. ಭಕ್ತಿ ತಪ್ಪಲ್ಲ. ಆದರೆ ಎಲ್ಲರೂ ಪೂಜಿಸುವ ಹೆಸರನ್ನು ನಮ್ಮ ಅಂಗಡಿಯ ಗುರುತು ಮಾಡಿಕೊಂಡು, ಬೇರೆಯವರು ಬಳಸಬಾರದು ಎನ್ನಲಾಗುವುದಿಲ್ಲ.

ಹೆಸರು ಹೋಲುವುದೆಲ್ಲ ಅಪರಾಧವೂ ಅಲ್ಲ. ಕೆಎಂಎಫ್ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್ 1989ರಿಂದ ತನ್ನ ಹೆಸರು ಬಳಸುತ್ತಿದೆ. ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2018ರಲ್ಲಿ ಹೋಟೆಲಿನ ಪರ ತೀರ್ಪು ಬಂತು. ಸರಕು ಬೇರೆ, ಲಾಂಛನದ ನೋಟ ಬೇರೆ, ಜನ ಗೊಂದಲಕ್ಕೆ ಬೀಳುವುದಿಲ್ಲ ಎಂಬುದು ಅದರ ತಿರುಳು. ಹಾಲು ಮತ್ತು ಹಾಲಿನ ಉತ್ಪನ್ನಕ್ಕೆ ಮಾತ್ರ ಹೋಟೆಲ್ ಆ ಹೆಸರು ಬಳಸುವಂತಿಲ್ಲ. ಸ್ಟುಡಿಯೊಗಳ ಮಟ್ಟಿಗೆ ಇದರ ಅರ್ಥ ಸರಳ. ಬಟ್ಟೆ ಅಂಗಡಿಯ ಹೆಸರಿಗೆ ನಮ್ಮದು ಹೋಲಿದರೆ ಪಾರಾಗಬಹುದು. ಅದೇ ಬೀದಿಯ ಇನ್ನೊಂದು ಸ್ಟುಡಿಯೊದ ಹೆಸರಿಗೆ ಹೋಲಿದರೆ ಕಷ್ಟ.

ಎಲ್ಲಕ್ಕಿಂತ ಗಟ್ಟಿ ಹೆಸರು ಅರ್ಥವೇ ಇಲ್ಲದ ಹೊಸ ಪದ. ಫೋಟೊಗ್ರಫಿಯಲ್ಲೇ ಅದರ ದೊಡ್ಡ ಉದಾಹರಣೆ ಇದೆ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೋಂದಾಯಿಸಿದ ‘ಕೊಡ್ಯಾಕ್’ ಪದಕ್ಕೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ. ಶತಮಾನ ಕಾಲ ಊರೂರಿನ ಸ್ಟುಡಿಯೊ ಮುಂದೆ ಹಳದಿ ಬೋರ್ಡ್ ನೇತಾಡಿತು. ಹಾಗೆಂದು ಹೆಸರೇ ಕಾಪಾಡಿತೇ? ಇಲ್ಲ. ಡಿಜಿಟಲ್ ಅಲೆಗೆ ತಕ್ಕಂತೆ ಬದಲಾಗಲಾಗದೆ 2012ರ ಜನವರಿಯಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿತು.

ಊರಿನ ಹೆಸರು ಗಟ್ಟಿಯಾಗುವುದೇ ಇಲ್ಲವೆಂದೂ ಅಲ್ಲ. 1884ರಲ್ಲಿ ಆರಂಭವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡು ‘ಗುಬ್ಬಿ ಕಂಪನಿ’ ಎಂದೇ ಕರೆಯಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ಆನೆಯನ್ನೇ ತಂದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರಂಥವರು ಅಲ್ಲಿ ಪಳಗಿದರು. ದಶಕಗಳ ಕೆಲಸ ಒಂದು ಊರಿನ ಹೆಸರನ್ನು ಒಂದು ಸಂಸ್ಥೆಯ ಹೆಸರಾಗಿಸಿತು. ಕಾನೂನು ಕೂಡ ಇದನ್ನು ಒಪ್ಪುತ್ತದೆ. ದೀರ್ಘ ಬಳಕೆಯಿಂದ ಜನರ ಮನಸ್ಸಿನಲ್ಲಿ ಗುರುತು ಪಡೆದ ಹೆಸರಿಗೆ 9ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ಆದರೆ ಅಷ್ಟು ಕಾಯುವ ತಾಳ್ಮೆ ನಮಗಿದೆಯೇ?

ಬೋರ್ಡ್ ಕನ್ನಡದಲ್ಲಿರಲಿ, ಚೆನ್ನಾಗಿರಲಿ

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ ಕಾಯ್ದೆ 2024ರಲ್ಲಿ ಬಂದ ಮೇಲೆ ಹಲವರು ಇಂಗ್ಲಿಷ್ ಲೋಗೊ ಹಾಗೇ ಇಟ್ಟು, ಮೇಲೆ ಕನ್ನಡದ ಒಂದು ಪಟ್ಟಿ ಅಂಟಿಸಿದರು. ನೋಡಿದರೆ ಗೊತ್ತಾಗುತ್ತದೆ, ಅದು ದಂಡಕ್ಕೆ ಹೆದರಿ ಬರೆಸಿದ ಕನ್ನಡ. ನನ್ನ ಪ್ರಕಾರ ಇದನ್ನು ಅವಕಾಶವಾಗಿ ನೋಡಬೇಕು. ಇಂಗ್ಲಿಷ್‌ನಲ್ಲಿ ಕ್ಯಾಮೆರಾ ಲೆನ್ಸ್ ಇರುವ ಲೋಗೊಗಳು ಸಾವಿರಾರಿವೆ. ಕನ್ನಡ ಅಕ್ಷರಗಳ ದುಂಡು, ತಲಕಟ್ಟು, ಒತ್ತುಗಳನ್ನು ಬಳಸಿ ಮಾಡಿದ ಗುರುತು ಕುಣಿಗಲ್ ಬಸ್ ನಿಲ್ದಾಣದ ಹತ್ತಿರ ಹತ್ತು ಬೋರ್ಡ್ ನಡುವೆ ಎದ್ದು ಕಾಣುತ್ತದೆ. ಡಿಸೈನ್ ಕಲಿತ ಹುಡುಗ ಹುಡುಗಿಯರಿಗೆ ಇದು ನಿಜವಾದ ಕೆಲಸ. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಎರಡು ಮೂರು ಫಾಂಟ್‌ನಿಂದ ಇದು ಆಗುವುದಿಲ್ಲ.

ಫೋಟೊ ಯಾರದು?

ನಮ್ಮ ಬುಕಿಂಗ್ ಪುಸ್ತಕದಲ್ಲಿ ‘ಯಾರು ಹೇಳಿ ಬಂದಿರಿ’ ಎಂಬ ಒಂದು ಕಾಲಂ ಮಾಡಿಸಿದೆ. ಅದನ್ನು ತುಂಬುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಜನ ಸ್ಟುಡಿಯೊ ಹೆಸರನ್ನಷ್ಟೇ ಹೇಳುವುದಿಲ್ಲ. ‘ನಮ್ಮ ಅಕ್ಕನ ಮದ್ವೇಲಿ ಬಂದಿದ್ರಲ್ಲ, ಆ ಉದ್ದ ಕೂದ್ಲಿನ ಹುಡುಗನ್ನೇ ಕಳ್ಸಿ’ ಎನ್ನುತ್ತಾರೆ. ಅಂದರೆ ಬ್ರ್ಯಾಂಡ್ ಇರುವುದು ಬೋರ್ಡಿನಲ್ಲಲ್ಲ, ಛತ್ರಕ್ಕೆ ಬೆಳಿಗ್ಗೆ ಐದಕ್ಕೆ ಬಂದು ಅಜ್ಜಿಗೆ ಕುರ್ಚಿ ಹಾಕಿ ಕೂರಿಸಿ ಫೋಟೊ ತೆಗೆದ ಹುಡುಗನಲ್ಲಿ.

ನಿಜವಾದ ಸಂಕಟ ಇಲ್ಲೇ ಶುರುವಾಗುತ್ತದೆ. ಆ ಹುಡುಗ ಎರಡು ವರ್ಷದ ನಂತರ ತನ್ನದೇ ಪೇಜ್ ಶುರು ಮಾಡಿ, ಇಲ್ಲಿ ತೆಗೆದ ಫೋಟೊ ಹಾಕಿಕೊಳ್ಳುತ್ತಾನೆ. ಮಾಲೀಕರು ‘ನನ್ನ ಫೋಟೊ ಕದ್ದ’ ಎನ್ನುತ್ತಾರೆ. ಅವನು ‘ತೆಗೆದದ್ದು ನಾನು’ ಎನ್ನುತ್ತಾನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿದರೆ ಇಬ್ಬರಿಗೂ ಅಚ್ಚರಿಯಾಗುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಮಾಲೀಕತ್ವ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಅಂದರೆ ಮದುವೆ ಮನೆಯವರದು! ಅವರ ಒಪ್ಪಿಗೆ ಇಲ್ಲದೆ ನಮ್ಮ ಪೇಜಿಗೆ ಹಾಕುವುದೂ ಪ್ರಶ್ನಾರ್ಹ.

ಬ್ರ್ಯಾಂಡ್ ಕಟ್ಟಲು ಹೊರಟವರು ಲೋಗೊಗಿಂತ ಮೊದಲು ಎರಡು ಹಾಳೆ ಸಿದ್ಧ ಮಾಡಿಕೊಳ್ಳಬೇಕು. ಮೊದಲನೆಯದು ಗಿರಾಕಿಯ ಜೊತೆಗಿನ ಒಪ್ಪಂದ: ಯಾವ ಫೋಟೊ ಹಾಕಬಹುದು, ಮಕ್ಕಳ ಫೋಟೊ ಹಾಕಬಹುದೇ, ಆಲ್ಬಂ ಯಾವತ್ತು ಸಿಗುತ್ತದೆ. ಎರಡನೆಯದು ಕೆಲಸಗಾರರ ಜೊತೆಗಿನದು: ದಿನದ ಸಂಬಳ ಎಷ್ಟು, ಯಾವ ಫೋಟೊಗೆ ಅವರ ಹೆಸರು ಹಾಕುತ್ತೇವೆ, ಬಿಟ್ಟುಹೋದ ಮೇಲೆ ಯಾವುದನ್ನು ತಮ್ಮ ಕೆಲಸವೆಂದು ತೋರಿಸಬಹುದು. ಇದನ್ನು ಹೇಳಿದಾಗ ಚಿಕ್ಕಪ್ಪ ಮೊದಲು, ‘ಹುಡುಗರ ಹೆಸರು ಹಾಕುದ್ರೆ ಗಿರಾಕಿನ ಕರ್ಕೊಂಡು ಹೋಗ್ತಾರೆ ಕಣಪ್ಪ’ ಎಂದರು. ಅವರ ಭಯ ಸುಳ್ಳಲ್ಲ. ಆದರೆ ಹೆಸರು ಹಾಕದಿದ್ದರೂ ಹುಡುಗರು ಹೋಗುತ್ತಾರೆ, ಬೇಗ ಹೋಗುತ್ತಾರೆ. ಗುಬ್ಬಿ, ಕುಣಿಗಲ್‌ನಲ್ಲಿ ಶಾಖೆ ನಡೆಸಬೇಕಾದವರು ಅದೇ ಹುಡುಗರು. ಅವರಿಗೆ ಅಲ್ಲಿನ ಲಾಭದಲ್ಲಿ ಪಾಲು ಕೊಡುವುದು ಹೊಸ ಹೆಸರು ಹುಡುಕುವುದಕ್ಕಿಂತ ಒಳ್ಳೆಯ ಉಪಾಯ. ಈಗ ಆಲ್ಬಮ್ಮಿನ ಕೊನೆಯ ಪುಟದಲ್ಲಿ ತಂಡದವರೆಲ್ಲರ ಹೆಸರು ಅಚ್ಚಾಗುತ್ತದೆ. ಲಾಭದ ಪಾಲಿನ ಮಾತು ಇನ್ನೂ ನಡೆಯುತ್ತಿದೆ.

ಎಐ ಕಾಲದಲ್ಲಿ ಭರವಸೆ ಯಾವುದು?

2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಫೋಟೊವನ್ನು ಗಿಬ್ಲಿ ಶೈಲಿಗೆ ಬದಲಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಹಳೆಯ ಸಿನಿಮಾ ನಾಯಕಿಯಂತೆ ಸೀರೆಯುಟ್ಟ ಎಐ ಚಿತ್ರಗಳು ಹರಿದಾಡಿದವು. ದೇವರಾಯನದುರ್ಗಕ್ಕೆ ಹೋಗದೆಯೇ ಬೆಟ್ಟದ ಮೇಲಿನ ಪ್ರಿ ವೆಡ್ಡಿಂಗ್ ಚಿತ್ರ ಮೊಬೈಲ್‌ನಲ್ಲೇ ಸಿದ್ಧವಾಗುತ್ತದೆ. ಬರಿ ಚಂದ ಎಂಬುದನ್ನು ಮಾರುವ ಸ್ಟುಡಿಯೊಗೆ ಇದು ಕುತ್ತು.

ಎಐಗೆ ಆಗದ್ದು ಒಂದಿದೆ. ಧಾರೆ ಎರೆಯುವಾಗ ಹೆಣ್ಣಿನ ತಂದೆಯ ಕೈ ನಡುಗಿದ್ದು ನಿಜವಾಗಿ ನಡೆದ ಕ್ಷಣ. ಅದಕ್ಕೆ ಅಲ್ಲಿ ಒಬ್ಬರು ಇರಲೇಬೇಕು. ಹಾಗಾಗಿ ಮುಂದಿನ ದಿನಗಳಲ್ಲಿ ಸ್ಟುಡಿಯೊ ಕೊಡಬಹುದಾದ ಗಟ್ಟಿ ಭರವಸೆಗಳು ಹೀಗಿರಬಹುದು: ‘ಮುಖ ಬದಲಿಸುವುದಿಲ್ಲ, ಬಣ್ಣ ಬೆಳ್ಳಗೆ ಮಾಡುವುದಿಲ್ಲ, ಹೇಳಿದ ದಿನಕ್ಕೆ ಆಲ್ಬಂ ಕೊಡುತ್ತೇವೆ, ಡ್ರೋನ್ ಹಾರಿಸುವವನ ಬಳಿ ಪ್ರಮಾಣಪತ್ರ ಇದೆ.’ 250 ಗ್ರಾಂ ಮೀರಿದ ಡ್ರೋನನ್ನು ಬಾಡಿಗೆಗೆ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹಾರಿಸಬಾರದ ವಲಯ ಯಾವುದೆಂದು ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಬೇಕು. ಇಂಥ ಸಣ್ಣ ಶಿಸ್ತನ್ನು ಬೋರ್ಡಿನಲ್ಲಿ ಬರೆಯಬೇಕಿಲ್ಲ. ಮಾಡಿದರೆ ಜನರೇ ಹೇಳುತ್ತಾರೆ.

ಗೆಳೆಯರೇ, ಕ್ಯಾಮೆರಾ ಕೊಳ್ಳಲು ಸಾಲ ಮಾಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ನನ್ನ ಗಿರಾಕಿ ಯಾರು? ಅವರಿಗೆ ನಾನು ಕೊಡುವ ಮಾತು ಯಾವುದು? ಆ ಮಾತನ್ನು ನನ್ನ ಜೊತೆ ಉಳಿಸಿಕೊಳ್ಳುವವರು ಯಾರು, ಅವರಿಗೆ ನಾನೇನು ಕೊಡುತ್ತೇನೆ? ಇವಕ್ಕೆ ಉತ್ತರ ಸಿಕ್ಕಿದ್ದರೆ ಒಂದು ಒಳ್ಳೆಯ ಹೆಸರು ಹುಡುಕಿ, ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಬೇರೆಯವರದು ಇದೆಯೇ ಎಂದು ಉಚಿತವಾಗಿ ಪರೀಕ್ಷಿಸಿ, ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೂ ದುಡ್ಡಿಲ್ಲ. ಫೋಟೊ ತೆಗೆಯಲು ಬಾರದವರಿಗೂ ಇಲ್ಲಿ ಜಾಗವಿದೆ. ಲೆಕ್ಕ ಬರೆಯುವವರು, ಕನ್ನಡ ಅಕ್ಷರ ವಿನ್ಯಾಸ ಬಲ್ಲವರು, ಒಪ್ಪಂದ ಪತ್ರ ಬರೆಯಬಲ್ಲ ಕಾನೂನು ವಿದ್ಯಾರ್ಥಿಗಳು ಈ ಕ್ಷೇತ್ರಕ್ಕೆ ಬೇಕಾಗಿದ್ದಾರೆ. ತುಮಕೂರು, ಗುಬ್ಬಿ, ಕುಣಿಗಲ್‌ಗೆ ಇನ್ನೊಂದು ‘ಕ್ಲಿಕ್ಸ್’ ಬೇಕಾಗಿಲ್ಲ. ಕೊಟ್ಟ ಮಾತಿಗೆ ನಿಲ್ಲುವ ಒಂದು ಹೆಸರು ಬೇಕಾಗಿದೆ. ಅದು ನಿಮ್ಮದಾಗಬಾರದೇಕೆ?